83 ಹೆಬ್ಬೆಟ್ಟು, 19 ಜನ

ನನ್ನ ಹತ್ತಿರ ಸಲಹೆಗೆ ಬಂದಿದ್ದ ಒಬ್ಬರ ಕಥೆ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ.

ಅವರು ಮೈಸೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಸಹ ಪ್ರಾಧ್ಯಾಪಕಿ. ವಯಸ್ಸು 48. ಮನೆ ಮಂಡ್ಯದಲ್ಲಿ, ದಿನಾ ರೈಲಿನಲ್ಲಿ ಓಡಾಟ. ಎರಡು ವರ್ಷದಿಂದ ಅಧ್ಯಾಪಕರ ಸಂಘದ ಅಧ್ಯಕ್ಷೆ. ನನ್ನ ಹತ್ತಿರ ಬಂದಿದ್ದು ರಾತ್ರಿ ನಿದ್ದೆ ಇಲ್ಲ ಅಂತ. ಬಿ.ಪಿ., ಥೈರಾಯ್ಡ್ ಎಲ್ಲ ತೋರಿಸಿ ಆಗಿತ್ತು.

ಮೊದಲ ದಿನ ಫೋನನ್ನು ತೊಡೆ ಮೇಲೇ ಇಟ್ಟುಕೊಂಡು ಕೂತರು. ಮುಕ್ಕಾಲು ಗಂಟೆಯಲ್ಲಿ 11 ಸಲ ಗುಂಯ್ ಅಂತು. ಒಬ್ಬರ ಬಡ್ತಿ ಫೈಲು ಯಾವ ಮೇಜಿನ ಮೇಲಿದೆ ಅನ್ನೋದು. ಇನ್ನೊಬ್ಬರಿಗೆ ಕ್ವಾರ್ಟರ್ಸಿನ ನಲ್ಲಿ ಸೋರುತ್ತಿದೆಯಂತೆ, ಅದೂ ಅಧ್ಯಕ್ಷರಿಗೇ ಫೋನು! ಬ್ಯಾಗಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಸಂಘದ ರಸೀದಿ ಪುಸ್ತಕ. ಊಟದ ಡಬ್ಬಿ ಪಕ್ಕದಲ್ಲೇ ಇರೋದರಿಂದ ಅದರ ಅಂಚಿಗೆಲ್ಲ ಸಾರಿನ ಕಲೆ. ಖಜಾಂಚಿ ಇಲ್ವಾ ಅಂತ ಕೇಳಿದೆ. "ಇದ್ದಾರೆ ಸರ್, ಸ್ವಲ್ಪ ನಿಧಾನ."

ಮಗ ಪಿಯುಸಿ ಓದ್ತಿದ್ದಾನೆ. ಒಂದು ದಿನ ಅವನು, "ಅಮ್ಮಾ, ನಂಗೇನಾದ್ರೂ ಬೇಕಿದ್ರೆ ನಾನೂ ಮನವಿ ಪತ್ರ ಕೊಡಬೇಕಾ?" ಅಂದನಂತೆ. ಹೇಳುವಾಗ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು.

ಒಳಗಿನ ನೋವು ಹೊರಬಂದಿದ್ದು ಅವರು ಎರಡನೇ ಸಲ ಬಂದಾಗ. ಅತಿಥಿ ಉಪನ್ಯಾಸಕರಿಗೆ ಮೂರು ತಿಂಗಳಿಂದ ಸಂಬಳ ಆಗಿರಲಿಲ್ಲ. ಸಂಘ ಧರಣಿ ಕರೆಯಿತು. ಸದಸ್ಯರು 140. ವಾಟ್ಸಾಪ್ ಗ್ರೂಪಿನಲ್ಲಿ 83 ಜನ ಹೆಬ್ಬೆಟ್ಟು ಒತ್ತಿದರು. ಬಂದವರು 19, ಅದರಲ್ಲಿ ಅತಿಥಿಗಳು ನಾಲ್ಕೇ ಜನ. "ಅವರ ಸಂಬಳಕ್ಕೇ ಅಲ್ವಾ ಸರ್ ನಾನು ಬಿಸಿಲಲ್ಲಿ ಕೂತಿದ್ದು?"

"ಎಷ್ಟು ಜನರನ್ನ ನೀವೇ ಹೋಗಿ ಕರೆದ್ರಿ ಮೇಡಂ?"

"ಗ್ರೂಪಿಗೆ ಹಾಕಿದ್ನಲ್ಲ."

ಇಲ್ಲಿ ನಾನು ಅವರ ಪರ ನಿಲ್ಲಲಿಲ್ಲ. ಅತಿಥಿ ಉಪನ್ಯಾಸಕರ ಕೆಲಸ ವರ್ಷದಿಂದ ವರ್ಷಕ್ಕೆ ನಡೆಯೋದು. ಮುಂದಿನ ವರ್ಷ ಕಾರ್ಯಭಾರ ಹಂಚುವಾಗ ಹೆಸರು ಬಿಟ್ಟುಹೋದರೆ ಯಾಕೆ ಅಂತ ಕೇಳೋರೂ ಇಲ್ಲ. ಧರಣಿಯ ಒಂದು ಫೋಟೋ ಸಾಕು. ಮೇಡಂ ಕಾಯಂ ನೌಕರರು, ಮಾರನೇ ದಿನ ಬಂದು ಹಾಜರಿ ಹಾಕಬಹುದು. ಬರದೇ ಇದ್ದವರಿಗೆ ನಿಮ್ಮ ಮೇಲೆ ಬೇಸರ ಇಲ್ಲ, ಕೆಲಸ ಹೋದೀತು ಅನ್ನೋ ಹೆದರಿಕೆ ಇದೆ ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು.

ಇನ್ನೊಂದು ಮುಳ್ಳೂ ಇತ್ತು. ಆಡಳಿತದವರೊಬ್ಬರು, "ಮೇಷ್ಟ್ರುಗಳಿಗೆಲ್ಲ ಎಂಥ ಯೂನಿಯನ್ನು?" ಅಂದಿದ್ದರು. ಅದು ರಾತ್ರಿ ಹೊತ್ತು ಕಿವಿಯಲ್ಲಿ ಗುನುಗುತ್ತಿತ್ತಂತೆ. ಕಾನೂನು ನನ್ನ ಕೆಲಸ ಅಲ್ಲ, ವಕೀಲರನ್ನು ನೋಡಿ ಅಂದೆ. ನೋಡಿ ಬಂದರು. ಆಗಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಲೆಕ್ಕದಲ್ಲಿ ಶಿಕ್ಷಕರು 'ಕಾರ್ಮಿಕ'ರಲ್ಲ ಅಂತ 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತಂತೆ. ಆ ಕಾಯ್ದೆಯ ಬಾಗಿಲು ಮುಚ್ಚಿತ್ತು, ನಿಜ. ಆದರೆ ಸಂಘ ಕಟ್ಟೋ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೂ ಸಂಘ ನೋಂದಾಯಿಸಬಹುದು. "ಏಳೇ ಜನ ಸಾಕಂತೆ ಸರ್" ಅಂತ ಎರಡು ಸಲ ಹೇಳಿದರು. ಧರಣಿಗೆ ಬಂದ ಆ 19 ಜನ ಅವರಿಗೆ ಅವತ್ತು ಬೇರೆ ಥರ ಕಂಡಿರಬೇಕು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ರಸೀದಿ ಪುಸ್ತಕ ಖಜಾಂಚಿಗೆ ಕೊಡಿ, ನಿಧಾನ ಆದರೆ ಆಗಲಿ. ಬೆಳಗಿನ ರೈಲಿನಲ್ಲಿ ಫೋನು ತೆಗೆಯಬೇಡಿ. ಶ್ರೀರಂಗಪಟ್ಟಣದ ಹತ್ತಿರ ಹೊಳೆ ದಾಟೋದನ್ನ ನೋಡಿ ಎಷ್ಟು ದಿನ ಆಯ್ತು ಅಂತ ಕೇಳಿದರೆ ಅವರಿಗೆ ನೆನಪಾಗಲಿಲ್ಲ. ವಾರಕ್ಕೆ ಇಬ್ಬರೇ ಅತಿಥಿ ಉಪನ್ಯಾಸಕರ ಜೊತೆ ಕಾಫಿ ಕುಡೀರಿ. ಅವರೇ ಮಾತಾಡಲಿ. ಧರಣಿಗೆ ಬನ್ನಿ ಅನ್ನಬೇಡಿ, ಹೆಸರು ಹೊರಗೆ ಬಾರದ ಹಾಗೆ ಏನು ಮಾಡಬಲ್ಲಿರಿ ಅಂತ ಕೇಳಿ.

ಕಷ್ಟವಾಗಿದ್ದು ಕೊನೆಯದು. ಯಾರೇ ಕಷ್ಟ ಹೇಳಿಕೊಂಡರೂ ಅವರ ಬಾಯಲ್ಲಿ ತಕ್ಷಣ "ನಾನು ಮಾಡಿಸ್ತೀನಿ" ಬರುತ್ತಿತ್ತು. ಅದರ ಬದಲು "ಸಮಿತಿ ಮುಂದೆ ಇಡ್ತೀನಿ" ಅನ್ನಿ ಅಂದೆ. ನನ್ನೆದುರೇ ಹೇಳಿಸಿದೆ. ಮೂರು ಸಲ ತಪ್ಪಿದರು. ಚಿಕ್ಕಂದಿನಲ್ಲಿ ಮನೆಗೆ ಹಿರಿ ಮಗಳು, ಅಪ್ಪ ಬೇಗ ಹೋಗಿಬಿಟ್ಟಿದ್ದರು. ಆ ವಿಷಯ ಇಲ್ಲಿ ಜಾಸ್ತಿ ಬೇಡ.

ಎರಡು ತಿಂಗಳ ಮೇಲೆ ಬಂದರು. ಬಾಕಿ ಸಂಬಳದಲ್ಲಿ ಒಂದು ತಿಂಗಳದ್ದು ಬಂದಿತ್ತು. ಅತಿಥಿ ಉಪನ್ಯಾಸಕರೇ ಯಾರ ಸಂಬಳ ಎಷ್ಟು ದಿನದಿಂದ ನಿಂತಿದೆ ಅಂತ ಪಟ್ಟಿ ಮಾಡಿ ಕೊಟ್ಟಿದ್ದರು. ಮನವಿಯ ಕೆಳಗೆ ಸಹಿ ಹಾಕಿದ್ದು ಕಾಯಂ ನೌಕರರು ಮಾತ್ರ, 61 ಜನ. ನಿದ್ದೆ ಐದು ಗಂಟೆ ಬರುತ್ತಿದೆಯಂತೆ. ಬ್ಯಾಗಿನಲ್ಲಿ ರಸೀದಿ ಪುಸ್ತಕ ಇರಲಿಲ್ಲ. ಫೋನು ಒಳಗಿಂದಲೇ ಎರಡು ಸಲ ಗುಂಯ್ ಅಂತು. ಮೊದಲನೆಯದನ್ನು ಬಿಟ್ಟರು. ಎರಡನೆಯದಕ್ಕೆ, "ಒಂದ್ನಿಮಿಷ ಸರ್" ಅಂತ ಬ್ಯಾಗಿಗೆ ಕೈ ಹಾಕಿದರು.