ಬಚ್ಚಿಟ್ಟ ಸಿಗಾರ್ ಯಾರ ಪಾಲು?

ಪತ್ರ: ನಾವು ಆರು ಜನ ಗೆಳೆಯರು ತಿಂಗಳಿಗೊಮ್ಮೆ ಸೇರಿ ಸಿಗಾರ್ ಸೇದುತ್ತೇವೆ. ಒಳ್ಳೆಯದನ್ನು ತರುವವನು ನಾನೊಬ್ಬನೇ. ಒಬ್ಬ ಅಗ್ಗದ್ದು ತರುತ್ತಾನೆ, ಇನ್ನೊಬ್ಬ ಕೈಬೀಸಿಕೊಂಡು ಬರುತ್ತಾನೆ. ಕಳೆದ ಸಲ ಎಂಟು ವರ್ಷದಿಂದ ಜೋಪಾನ ಮಾಡಿದ್ದ ಕ್ಯೂಬಾ ಸಿಗಾರ್ ಒಂದನ್ನು ಆ ಬರಿಗೈಯವನಿಗೆ ಕೊಟ್ಟೆ. ಹೊರ ಎಲೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು, ಪರಿಮಳ ಮೊದಲ ದಮ್ಮಿಗೇ ಕೋಣೆ ತುಂಬಿತು. ಆತ ಮಾತಾಡುತ್ತಾ ಅರ್ಧಕ್ಕೇ ಬಿಟ್ಟ. ಇನ್ನು ಮೇಲೆ ಒಳ್ಳೆಯದನ್ನು ಮನೆಯಲ್ಲಿ ಒಬ್ಬನೇ ಸೇದಿ, ಗುಂಪಿಗೆ ಸಾಧಾರಣದ್ದು ಒಯ್ದರೆ ತಪ್ಪೇ? ಯಾರು ಏನು ತಂದರು ಎಂದು ಲೆಕ್ಕ ಇಡಬೇಕೇ?
– ಹೆಸರು ಬೇಡ ಎಂದ ಓದುಗರು

ಸಂಪಾದಕರ ಉತ್ತರ:

ತಪ್ಪು. ಮೊದಲು ಅದನ್ನು ಹೇಳಿಬಿಡುತ್ತೇನೆ.

ಪ್ರತಿ ಸಲ ಬರಿಗೈಯಲ್ಲಿ ಬಂದು ಬೇರೆಯವರ ಪೆಟ್ಟಿಗೆಗೆ ಕೈಹಾಕುವುದು ಒಳ್ಳೆಯ ನಡತೆಯಲ್ಲ, ಒಪ್ಪಿದೆ. ಆ ಗೆಳೆಯನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳುವ ಹಕ್ಕು ನಿಮಗಿದೆ. ಅಲ್ಲಿಗೆ ಅವನ ವಿಷಯ ಮುಗಿಯಿತು. ನನ್ನನ್ನು ಕಾಡಿದ್ದು ಬೇರೆ. ಆ ಸಿಗಾರ್‌ನ ಹೊಳಪು, ಪರಿಮಳ ಎಲ್ಲವನ್ನೂ ಇಷ್ಟು ಚೆನ್ನಾಗಿ ಗಮನಿಸಿದ್ದೀರಿ. ಅದನ್ನು ಸೇದುತ್ತಾ ನಿಮ್ಮ ಗೆಳೆಯ ಏನು ಮಾತಾಡಿದ ಅಂತ ಮಾತ್ರ ಒಂದು ಸಾಲೂ ಬರೆದಿಲ್ಲ. ಅರ್ಧ ಸಿಗಾರನ್ನು ಮರೆಯುವಷ್ಟು ದೊಡ್ಡ ಮಾತೇ ಇದ್ದಿರಬೇಕು, ಅಲ್ವಾ?

ಅರ್ಧಕ್ಕೆ ಬಿಡುವುದು ಅವಮಾನ ಅಂತ ನಿಮಗೆ ಯಾರು ಹೇಳಿದರು? ಸಿಗಾರ್ ಸುಡುತ್ತಾ ಬಂದಂತೆ ಖಾರ ಏರುತ್ತದೆ. ಕೊನೆಯ ಮೂರನೇ ಒಂದು ಭಾಗ ಎಲ್ಲರಿಗೂ ಆಗಿಬರುವುದಿಲ್ಲ. ಗಿಡದ ಮೇಲಿನ, ಬಿಸಿಲುಂಡ ಎಲೆಗೆ ಲಿಜೆರೊ ಅಂತಾರೆ. ಸಿಗಾರ್‌ನ ಕಸುವೆಲ್ಲ ಬರುವುದು ಅದರಿಂದ. ನಡುವಿನ ಎಲೆ ಸೆಕೊ, ಪರಿಮಳಕ್ಕೆ. ಬುಡದ ಎಲೆ ವೊಲಾಡೊ, ಚೆನ್ನಾಗಿ ಉರಿಯಲಿಕ್ಕೆ. ಲಿಜೆರೊ ಜಾಸ್ತಿ ಇರುವ ಸಿಗಾರ್ ರೂಢಿ ಇಲ್ಲದವನ ಕೈಗೆ ಸಿಕ್ಕರೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಸಾಕು ಅನ್ನಿಸಿದಾಗ ಬೂದಿಬಟ್ಟಲಿನ ಅಂಚಿಗೆ ಒರಗಿಸಿ, ಹೊಸಕದೆ, ತಾನಾಗಿ ಆರಲು ಬಿಡುವುದೇ ಪದ್ಧತಿ. ಮಾತಿನ ಮಧ್ಯೆ ಆರಿತು ಅಂತಿಟ್ಟುಕೊಳ್ಳಿ. ಬೂದಿ ಉದುರಿಸಿ ಮತ್ತೆ ಹಚ್ಚಿದರಾಯಿತು. ನಿಮಿಷಕ್ಕೊಂದು ದಮ್ಮು, ನಡುವಿನ ಹೊತ್ತೆಲ್ಲ ಮಾತಿಗೆ. ರೋಬಸ್ಟೊ ಅಂತ ಕರೆಯುವ ಐದಿಂಚಿನ ಸಿಗಾರ್ ಕೂಡ ಮುಕ್ಕಾಲು ಗಂಟೆಗೆ ಕಡಿಮೆ ಇಲ್ಲದಂತೆ ನಡೆಯುತ್ತದೆ. ಅಷ್ಟು ಹೊತ್ತು ಒಬ್ಬರೇ ಕೂತು ಏನು ಮಾಡುತ್ತೀರಿ?

ಈ ವಸ್ತು ಹುಟ್ಟುವುದೇ ಮಾತು ಕೇಳುತ್ತಾ. 1865ರಲ್ಲಿ ಕ್ಯೂಬಾದ ರಾಜಧಾನಿ ಹವಾನಾದ ಎಲ್ ಫಿಗಾರೊ ಕಾರ್ಖಾನೆಯಲ್ಲಿ ಒಂದು ಹೊಸ ಕೆಲಸ ಶುರುವಾಯಿತು. ಸಿಗಾರ್ ಸುತ್ತುವವರು ಸಾಲಾಗಿ ಕೂತು ಕೈ ಆಡಿಸುತ್ತಿದ್ದರೆ, ಒಬ್ಬ ಎತ್ತರದ ಜಾಗದಲ್ಲಿ ಕೂತು ಅವರಿಗೆ ಗಟ್ಟಿಯಾಗಿ ಪತ್ರಿಕೆ, ಪುಸ್ತಕ ಓದಿ ಹೇಳುತ್ತಿದ್ದ. ಅವನ ಸಂಬಳ ಕೊಡುತ್ತಿದ್ದವರು ಮಾಲೀಕರಲ್ಲ, ಕೆಲಸಗಾರರೇ, ತಮ್ಮ ಕೂಲಿಯಿಂದ ಕೂಡಿಸಿ. ಆಳುತ್ತಿದ್ದ ಸ್ಪೇನ್‌ಗೆ ಇದು ಎಷ್ಟು ದಿಗಿಲು ಹುಟ್ಟಿಸಿತು ಅಂದರೆ 1866ರಲ್ಲೇ ನಿಷೇಧ ಹೇರಿತು. ಓದು ಮತ್ತೆ ಬಂತು, ಕ್ಯೂಬಾದಲ್ಲಿ ಈಗಲೂ ಇದೆ. 1935ರಲ್ಲಿ ಶುರುವಾದ ಮಾಂಟೆಕ್ರಿಸ್ಟೊ ಎಂಬ ಕ್ಯೂಬಾ ಸಿಗಾರ್‌ಗೆ ಆ ಹೆಸರು ಬಂದದ್ದು ಕೆಲಸಗಾರರು ಹಾಗೆ ಕೇಳಿ ಮೆಚ್ಚಿಕೊಂಡಿದ್ದ, ಫ್ರೆಂಚ್ ಲೇಖಕ ಡ್ಯೂಮಾನ ಕಾದಂಬರಿಯಿಂದ. ಅಮೆರಿಕದ ಟ್ಯಾಂಪಾದಲ್ಲಿ 1931ರಲ್ಲಿ ಮಾಲೀಕರು ಓದುವವರನ್ನು ಹೊರಹಾಕಿದಾಗ ಕೆಲಸಗಾರರು ಮುಷ್ಕರ ಹೂಡಿದರು. ಕೊನೆಗೆ ಆ ಎತ್ತರದ ಜಾಗಕ್ಕೆ ರೇಡಿಯೋ ಬಂದು ಕೂತಿತು. ನನಗೆ ಇವತ್ತಿಗೂ ಅದು ದೊಡ್ಡ ನಷ್ಟ ಅನ್ನಿಸುತ್ತದೆ.

ಸಿಗ್ಮಂಡ್ ಫ್ರಾಯ್ಡ್ 1902ರಿಂದ ಪ್ರತಿ ಬುಧವಾರ ತನ್ನ ಮನೆಯಲ್ಲಿ ಗೆಳೆಯರನ್ನು ಕೂಡಿಸುತ್ತಿದ್ದ. ಕಪ್ಪು ಕಾಫಿ, ಮೇಜಿನ ಮೇಲೆ ಎಲ್ಲರಿಗೂ ಸಿಗಾರ್. ಮನೋವಿಶ್ಲೇಷಣೆ ಎಂಬ ಶಾಸ್ತ್ರಕ್ಕೆ ಮೊದಲ ಸಂಘ ಹುಟ್ಟಿದ್ದು ಆ ಕೋಣೆಯ ಹೊಗೆಯಲ್ಲಿ. ಯಾರು ಎಷ್ಟು ತಂದರು ಅಂತ ಅಲ್ಲಿ ಯಾರೂ ಕೇಳಲಿಲ್ಲ.

ಅದೇ ಫ್ರಾಯ್ಡ್‌ಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಕಾಣಿಸಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಸಿಗಾರ್ ಮಾತ್ರ ಬಿಡಲಿಲ್ಲ. ಇದನ್ನು ಮುಚ್ಚಿಟ್ಟು ನಿಮ್ಮ ಜೊತೆ ಮಾತಾಡುವುದು ಸರಿಯಲ್ಲ. ಹೊಗೆ ನುಂಗುವುದಿಲ್ಲ, ಹಾಗಾಗಿ ಅಪಾಯವಿಲ್ಲ ಅನ್ನುವುದು ಸುಳ್ಳು ಸಮಾಧಾನ. ಬಾಯಿ, ಗಂಟಲು, ಅನ್ನನಾಳಕ್ಕೆ ಸಿಗಾರ್ ಕ್ಯಾನ್ಸರ್ ತರುತ್ತದೆ. ಒಂದು ದಪ್ಪ ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಪಕ್ಕದಲ್ಲಿ ಸುಮ್ನೆ ಕೂತವರಿಗೂ ಹೊಗೆ ತಾಗುತ್ತದೆ. ಸಿಗಾರ್ ದೇಶ ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೊ ಕೂಡ 1985ರಲ್ಲಿ ಬಿಟ್ಟ. ನಿಮ್ಮಲ್ಲಿ ಯಾರಾದರೂ ಬಿಡುತ್ತೇನೆ ಅಂದರೆ ಕುರ್ಚಿ ಹಾಗೇ ಇರಲಿ, ಒತ್ತಾಯ ಬೇಡ.

ಮನೆಯಲ್ಲಿ ಒಬ್ಬರೇ ಸೇದುವ ನಿಮ್ಮ ಯೋಚನೆಗೆ ನಾನು ಇಷ್ಟು ಹೆದರುವುದೂ ಇದಕ್ಕೇ. ಗೆಳೆಯರಿಗಾಗಿ ಕಾದರೆ ತಿಂಗಳಿಗೆ ಒಂದು. ಒಬ್ಬರೇ ಕೂತರೆ ಕಾಯುವುದು ಯಾರಿಗಾಗಿ? ಸಂಜೆಗೊಂದು ಆಗಿಬಿಡುತ್ತದೆ. ಅಮೆರಿಕದ ಸೇನಾಪತಿ ಗ್ರಾಂಟ್ 1862ರಲ್ಲಿ ಡೊನೆಲ್ಸನ್ ಕೋಟೆ ಗೆದ್ದ. ಅವನ ಕೈಯಲ್ಲಿ ಸಿಗಾರ್ ಇತ್ತು ಅಂತ ಪತ್ರಿಕೆಗಳು ಬರೆದವು. ದೇಶದ ಮೂಲೆಮೂಲೆಯಿಂದ ಜನ ಪೆಟ್ಟಿಗೆ ಕಳಿಸಿದರು, ಸುಮಾರು ಹತ್ತು ಸಾವಿರ ಸಿಗಾರ್. ಕೊಡಲು ಆದಷ್ಟನ್ನೂ ಕೊಟ್ಟೆ, ಅಷ್ಟೊಂದು ಉಳಿದದ್ದಕ್ಕೆ ನಾನೂ ಜಾಸ್ತಿ ಸೇದಿದೆ ಅಂತ ಅವನೇ ಆಮೇಲೆ ಹೇಳಿಕೊಂಡ. 1885ರಲ್ಲಿ ಗಂಟಲಿನ ಕ್ಯಾನ್ಸರ್‌ನಿಂದ ತೀರಿಹೋದ.

ಇನ್ನು ಕೂಡಿಡುವವರ ಮಾತು. 1962ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ತನ್ನ ಪತ್ರಿಕಾ ಕಾರ್ಯದರ್ಶಿ ಸ್ಯಾಲಿಂಜರ್‌ನನ್ನು ಕರೆದು, ಬೆಳಗಾಗುವುದರೊಳಗೆ ಸಾವಿರ ಕ್ಯೂಬಾ ಸಿಗಾರ್ ಬೇಕು ಅಂದ. ಆತ ಊರೆಲ್ಲ ಸುತ್ತಿ 1,200 ತಂದ. ಅದಾದ ಮೇಲೆ ಕೆನಡಿ ಕ್ಯೂಬಾದ ವ್ಯಾಪಾರ ನಿಷೇಧಕ್ಕೆ ಸಹಿ ಹಾಕಿದ. ಸ್ಯಾಲಿಂಜರ್ ಸ್ವತಃ ಬರೆದ ಕಥೆ ಇದು. ಜನ ನಗುತ್ತಾ ಹೇಳುತ್ತಾರೆ. ನನಗೆ ನಗು ಬಂದಿಲ್ಲ. ದೇಶಕ್ಕೆಲ್ಲ ಬಾಗಿಲು ಹಾಕುವ ಮೊದಲು ತನ್ನ ಪೆಟ್ಟಿಗೆ ತುಂಬಿಸಿಕೊಂಡ ಮನುಷ್ಯನನ್ನು ನಾನು ಮೆಚ್ಚಲಾರೆ.

ಈಗ ಎಲ್ಲರೂ ಆ ದಾರಿಯಲ್ಲೇ ಹೊರಟಿದ್ದಾರೆ. 1992ರಲ್ಲಿ ಅಮೆರಿಕದಲ್ಲಿ ಸಿಗಾರ್‌ಗೆಂದೇ ಒಂದು ದೊಡ್ಡ ಪತ್ರಿಕೆ ಬಂತು, ನೂರಕ್ಕೆ ಇಷ್ಟು ಅಂತ ಅಂಕ ಕೊಡಲು ಶುರುಮಾಡಿತು. ಅಂಕ ಬಂದ ಕೂಡಲೇ ಜನ ನಾಲಿಗೆಯನ್ನು ನಂಬುವುದು ಬಿಟ್ಟರು. 94 ಬಂದದ್ದನ್ನು ಹುಡುಕಿಕೊಂಡು ಅಲೆಯುತ್ತಾರೆ, 86 ಬಂದದ್ದನ್ನು ಗೆಳೆಯ ಕೊಟ್ಟರೆ ಮೂಗು ಮುರಿಯುತ್ತಾರೆ. ಹಚ್ಚುವ ಮೊದಲು ಸಿಗಾರ್‌ಗೆ ಸುತ್ತಿದ ಹೆಸರಿನ ಕಾಗದದ ಪಟ್ಟಿಯ ಫೋಟೋ ತೆಗೆಯಬೇಕು. ಪೆಟ್ಟಿಗೆ ಕೊಳ್ಳುವುದು ತೆಗೆಯಲಿಕ್ಕಲ್ಲ, ಬೆಲೆ ಏರಿದ ಮೇಲೆ ಮಾರಲಿಕ್ಕೆ. ಕೊಹೀಬಾ ಎಂಬ ಕ್ಯೂಬಾ ಸಿಗಾರ್‌ನ ಕಥೆ ನೋಡಿ. 1966ರಲ್ಲಿ ಹುಟ್ಟಿತು, ಮೊದಲ ವರ್ಷಗಳಲ್ಲಿ ಅಂಗಡಿಗೇ ಬರಲಿಲ್ಲ. ಕ್ಯಾಸ್ಟ್ರೊ ಸೇದುತ್ತಿದ್ದ, ಬೇರೆ ದೇಶದ ಅತಿಥಿಗಳಿಗೆ ಉಡುಗೊರೆಯಾಗಿ ಕೊಡುತ್ತಿದ್ದ. ಎಲ್ಲರಿಗೂ ಮಾರಾಟಕ್ಕೆ ಬಂದದ್ದು 1982ರಲ್ಲಿ. ಕೊಡಲಿಕ್ಕೆಂದು ಹುಟ್ಟಿದ ಸಿಗಾರ್ ಈಗ ಬೀಗದೊಳಗೆ ಬಿದ್ದಿದೆ. ಇದು ಸಿಗಾರ್‌ಗಷ್ಟೇ ಬಂದ ರೋಗವೂ ಅಲ್ಲ. ಒಳ್ಳೆಯ ಪೆನ್ನು, ಒಳ್ಳೆಯ ಗಡಿಯಾರ, ಹಳೆಯ ಪುಸ್ತಕ, ಎಲ್ಲವೂ ಕಪಾಟು ಸೇರುತ್ತಿವೆ. ಬಳಸುವವನನ್ನು ದಡ್ಡ ಅನ್ನುವ ಕಾಲ ಬಂದಿದೆ.

ಎಂಟು ವರ್ಷ ಇಟ್ಟಿದ್ದು ಸಾಕು ಅಂತಲೂ ಹೇಳುತ್ತೇನೆ. ಹ್ಯುಮಿಡಾರ್‌ನಲ್ಲಿ, ಅಂದರೆ ಸಿಗಾರ್ ಒಣಗದಂತೆ ಇಡುವ ಪೆಟ್ಟಿಗೆಯಲ್ಲಿ, ತೇವಾಂಶ ಶೇಕಡಾ 65ರಿಂದ 70ರ ನಡುವೆ ನಿಂತರೆ ಸಿಗಾರ್ ಹದವಾಗುತ್ತದೆ, ಒರಟುತನ ಹೋಗುತ್ತದೆ, ನಿಜ. ಆದರೆ ಅದೂ ಎಲೆ. ವರ್ಷ ಕಳೆದಂತೆ ಕಸುವು, ಪರಿಮಳ ಎರಡೂ ಇಳಿಯುತ್ತವೆ. ತೇವ ಜಾಸ್ತಿಯಾದರೆ ಬೂಸ್ಟು. ಸೆಕೆ ಏರಿದರೆ ಒಳಗಿದ್ದ ಮೊಟ್ಟೆ ಒಡೆದು ತಂಬಾಕಿನ ಹುಳ ಹೊರಬರುತ್ತದೆ, ಪೆಟ್ಟಿಗೆ ಪೂರ್ತಿ ತೂತು.

ಲೆಕ್ಕದ ಪುಸ್ತಕ ದಯವಿಟ್ಟು ಬೇಡ. ನನಗೆ ಪರಿಚಯವಿದ್ದ ಒಂದು ಗುಂಪು ಹಾಗೆ ಬರೆದಿಡಲು ಹೊರಟಿತ್ತು. ಯಾರು ಏನು ತಂದರು, ಬೆಲೆ ಎಷ್ಟು, ಯಾರು ಎಷ್ಟು ಸೇದಿದರು. ಸ್ವಲ್ಪ ದಿನದಲ್ಲೇ ಮಾತೆಲ್ಲ ಆ ಪುಸ್ತಕದ ಬಗ್ಗೆಯೇ ಆಯಿತು, ಆಮೇಲೆ ಸೇರುವುದೇ ನಿಂತುಹೋಯಿತು. ಅದರಲ್ಲಿದ್ದ ಇಬ್ಬರು ಈಗ ಎದುರಾದರೂ ಮಾತಾಡುವುದಿಲ್ಲ. ನಿಮಗೆ ನ್ಯಾಯವೇ ಬೇಕಿದ್ದರೆ ಆರೂ ಜನ ಹಣ ಹಾಕಿ ಒಂದು ಪೆಟ್ಟಿಗೆ ಕೊಳ್ಳಿ. ಸಾಮಾನ್ಯವಾಗಿ 25 ಇರುತ್ತವೆ. ತಲೆಗೆ ನಾಲ್ಕು ಬಂದು ಒಂದು ಉಳಿಯುತ್ತದೆ. ಅದು ಹೊಸದಾಗಿ ಬಂದವರಿಗೆ. ಹಂಚುವುದು ಪೆಟ್ಟಿಗೆಯನ್ನು, ಬಾಯಿಗಿಟ್ಟ ಸಿಗಾರನ್ನಲ್ಲ. ಸಿಗಾರ್ ತುದಿ ಕತ್ತರಿಸುವ ಕಟರ್ ಎಲ್ಲರದ್ದು, ಆದ್ದರಿಂದ ಕತ್ತರಿಸುವ ಮೊದಲು ಎಂಜಲು ಮಾಡಬೇಡಿ. ಹಚ್ಚುವುದನ್ನು ಅವರವರಿಗೇ ಬಿಡಿ.

ಅಗ್ಗದ್ದು ತರುವ ಗೆಳೆಯನಿದ್ದಾನಲ್ಲ, ಮುಂದಿನ ಸಲ ಅವನು ತಂದದ್ದನ್ನು ನೀವೇ ಮೊದಲು ತೆಗೆದುಕೊಳ್ಳಿ. ಎಲ್ಲರೂ ನೋಡುವಂತೆ ತೆಗೆದುಕೊಳ್ಳಿ, ಪೂರ್ತಿ ಸೇದಿ. ಆ ಹಳೆಯ ಪೆಟ್ಟಿಗೆಯಲ್ಲಿ ಇನ್ನೆಷ್ಟು ಉಳಿದಿವೆ ಅಂತ ನೀವು ಬರೆದಿಲ್ಲ. ಆರು ಇದ್ದರೆ ಬರುವ ತಿಂಗಳೇ ಒಯ್ಯಿರಿ. ಐದೇ ಇದ್ದರೆ ಆ ಐದು ಜನರಿಗೆ ಕೊಟ್ಟು, ಅರ್ಧಕ್ಕೆ ಬಿಟ್ಟವನ ಪಕ್ಕದಲ್ಲಿ ನೀವು ಕೂತುಕೊಳ್ಳಿ. ಅವತ್ತು ಅವನ ಮಾತು ಎಲ್ಲಿಗೆ ನಿಂತಿತ್ತು ಅಂತ ಕೇಳಿ.