ಗುಳ್ಳೆ ಹೋಗದ ಹಾಗೆ ಸ್ಪಾರ್ಕ್ಲಿಂಗ್ ವೈನ್ ಕಾಕ್‌ಟೇಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೇಲಿ ಸ್ಪಾರ್ಕ್ಲಿಂಗ್ ವೈನ್ ಹಾಕಿ ಕಾಕ್‌ಟೇಲ್ ಮಾಡಿದಾಗೆಲ್ಲ ನೊರೆ ಉಕ್ಕಿ ಗ್ಲಾಸಿಂದ ಆಚೆ ಚೆಲ್ಲತ್ತೆ, ಸ್ವಲ್ಪ ಹೊತ್ತು ಬಿಟ್ಟು ಕುಡಿದ್ರೆ ಪೂರ್ತಿ ಸಪ್ಪೆ. ಒಳ್ಳೆ ವೈನೇ ತಂದಿರ್ತೀನಿ. ಎಲ್ಲಿ ಎಡವ್ತಿದೀನಿ?

ವೈನ್ ತಪ್ಪಲ್ಲ, ತಣ್ಣಗಿಲ್ಲದೆ ಇರೋದು ತಪ್ಪು. ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ. 750 ಎಂಎಲ್ ಶಾಂಪೇನ್ (ಫ್ರಾನ್ಸಿನ ಶಾಂಪೇನ್ ಪ್ರದೇಶದ ಸ್ಪಾರ್ಕ್ಲಿಂಗ್ ವೈನ್) ಬಾಟಲಿ ಒಳಗೆ ಕರಗಿ ಕೂತಿರೋ ಕಾರ್ಬನ್ ಡೈಆಕ್ಸೈಡ್ ಎಲ್ಲಾ ಆಚೆ ಬಂದ್ರೆ ಸುಮಾರು 5 ಲೀಟರ್ ಗ್ಯಾಸ್ ಆಗತ್ತೆ, ಅಷ್ಟನ್ನ ಹಿಡಿದಿಟ್ಕೊಳ್ಳೋ ಶಕ್ತಿ ತಣ್ಣಗಿರೋ ದ್ರವಕ್ಕೆ ಜಾಸ್ತಿ, ಬೆಚ್ಚಗಾದ ಹಾಗೆ ಆ ಹಿಡಿತ ಸಡಿಲ ಆಗ್ತಾ ಹೋಗತ್ತೆ. ಬಾಟಲಿ 6ರಿಂದ 8 ಡಿಗ್ರಿಗೆ ಬಂದಿರ್ಬೇಕು. ಫ್ರಿಡ್ಜಲ್ಲಿ ಮೂರ್ನಾಲ್ಕು ಗಂಟೆ ಮಲಗಿಸಿಟ್ರೆ ಸಾಕು, ಅರ್ಜೆಂಟ್ ಇದ್ರೆ ಬಕೆಟ್‌ಗೆ ಅರ್ಧ ಐಸು ಅರ್ಧ ನೀರು ಹಾಕಿ ಬಾಟಲಿ ಕುತ್ತಿಗೆವರೆಗೂ ಮುಳುಗಿಸಿ, ಅರ್ಧ ಗಂಟೇಲಿ ಆಗತ್ತೆ. ಬರೀ ಐಸಲ್ಲಿ ಇಟ್ರೆ ನಿಧಾನ, ಯಾಕಂದ್ರೆ ಐಸ್ ಗಡ್ಡೆಗಳ ಮಧ್ಯೆ ಗಾಳಿ ಇರತ್ತೆ, ನೀರು ಇದ್ರೆ ಬಾಟಲಿ ಮೈಗೆ ಪೂರ್ತಿ ಅಂಟ್ಕೊಳ್ಳತ್ತೆ. ಫ್ರೀಜರ್‌ಗೆ ಮಾತ್ರ ಹಾಕ್ಬೇಡಿ, ಮರೆತು ಹೋದ್ರೆ ಒಳಗೆ ಹೆಪ್ಪುಗಟ್ಟಿ ಬಾಟಲಿ ಸಿಡಿಯೋ ಅಪಾಯ ಇದೆ.

ಈಗ ಎಲ್ಲರೂ ಮರೆಯೋ ವಿಷಯ ಹೇಳ್ತೀನಿ. ವೈನ್ ಒಂದೇ ತಣ್ಣಗಿದ್ರೆ ಸಾಲಲ್ಲ! ಜ್ಯೂಸು, ಲಿಕರ್ (ಹಣ್ಣು, ಗಿಡಮೂಲಿಕೆ ಥರದ ರುಚಿ ಸೇರಿಸಿದ ಸಿಹಿ ಮದ್ಯ), ಸಿರಪ್ಪು, ಕಡೆಗೆ ಗ್ಲಾಸು ಕೂಡ ತಣ್ಣಗಿರ್ಬೇಕು. ರೂಮ್ ಟೆಂಪರೇಚರ್‌ನಲ್ಲಿರೋ ಆರೆಂಜ್ ಜ್ಯೂಸ್ ಮೇಲೆ ತಣ್ಣನೆ ವೈನ್ ಬಿದ್ದ ತಕ್ಷಣ ಗ್ಯಾಸ್ ಎಲ್ಲಾ ಒಟ್ಟಿಗೆ ಎದ್ದು ಓಡತ್ತೆ, ನಿಮ್ಮ ಗ್ಲಾಸಲ್ಲಿ ಉಕ್ತಿರೋದು ಅದೇ. ಇನ್ನೊಂದು ಕಾರಣ ಹಣ್ಣಿನ ನಾರು, ತಿರುಳು, ಕರಗದ ಸಕ್ಕರೆ ಹರಳು. ಗುಳ್ಳೆ ಹುಟ್ಟೋಕೆ ಇಂಥ ಒರಟು ಜಾಗ ಬೇಕು, ನೀವು ಸೋಸದೆ ಹಾಕಿದ್ರೆ ಸಾವಿರಾರು ಕಡೆ ಜಾಗ ಮಾಡ್ಕೊಟ್ಟ ಹಾಗಾಯ್ತು. ಸಣ್ಣ ಜರಡೀಲಿ ಸೋಸಿ.

ಸುರಿಯೋ ರೀತಿನೂ ಲೆಕ್ಕಕ್ಕೆ ಬರತ್ತೆ. ಫ್ರಾನ್ಸಿನ ರ‍್ಯಾನ್ಸ್ ಯೂನಿವರ್ಸಿಟಿಯ ಜೆರಾರ್ ಲಿಜೆ-ಬೆಲೇರ್ ಅನ್ನೋ ವಿಜ್ಞಾನಿ ತಮ್ಮ ತಂಡದ ಜೊತೆ ಇದನ್ನ ಅಳತೆ ಮಾಡಿ 2010ರಲ್ಲಿ ಪ್ರಕಟಿಸಿದ್ರು, ಗ್ಲಾಸನ್ನ ಓರೆ ಮಾಡಿ ಬಿಯರ್ ಥರ ಅಂಚಿಂದ ಇಳಿಸಿದ್ರೆ ನೆಟ್ಟಗೆ ಮಧ್ಯಕ್ಕೆ ಸುರಿಯೋದಕ್ಕಿಂತ ಜಾಸ್ತಿ ಗ್ಯಾಸ್ ಉಳಿಯತ್ತೆ ಅಂತ, ತಣ್ಣಗಿದ್ದಷ್ಟೂ ನಷ್ಟ ಕಮ್ಮಿ ಅಂತಾನೂ ಅದರಲ್ಲೇ ಬಂತು. ಹಾಗಾಗಿ ಓರೆ ಹಿಡೀರಿ, ನಿಧಾನ ಸುರೀರಿ, ಕಲಸ್ಲೇಬೇಕು ಅಂದ್ರೆ ಉದ್ದ ಚಮಚ ತಳಕ್ಕೆ ಇಳಿಸಿ ಒಂದೇ ಒಂದು ಸಲ ಮೆಲ್ಲಗೆ ಮೇಲಕ್ಕೆತ್ತಿ. ಗಿರಗಿರ ತಿರುಗಿಸ್ಬೇಡಿ.

ಪ್ರಶ್ನೆ: ಕಾಕ್‌ಟೇಲ್‌ಗೆ ಶಾಂಪೇನೇ ಬೇಕಾ? ಲೇಬಲ್ ಮೇಲೆ ಬ್ರೂಟ್, ಎಕ್ಸ್‌ಟ್ರಾ ಡ್ರೈ ಅಂತೆಲ್ಲ ಇರತ್ತೆ, ಯಾವುದು ತಗೊಳ್ಳೋದು?

ಬೇಡ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಒಳ್ಳೆ ಶಾಂಪೇನನ್ನ ಹಾಗೇ ಕುಡೀರಿ. ಅದು ಈಸ್ಟ್ ಜೊತೆ ವರ್ಷಗಟ್ಟಲೆ ಬಾಟಲೀಲಿ ಕೂತು ಗಳಿಸಿರೋ ಬ್ರೆಡ್ಡು, ಬಾದಾಮಿ ಥರದ ಸೂಕ್ಷ್ಮ ಪರಿಮಳ ನಿಂಬೆರಸ, ಲಿಕರ್ ಬಿದ್ದ ತಕ್ಷಣ ಮುಚ್ಚಿ ಹೋಗತ್ತೆ, ಪಾಪ ಅನ್ಸತ್ತೆ.

ಸ್ಪೇನ್‌ನ ಕಾವಾ ಕಾಕ್‌ಟೇಲ್‌ಗೆ ನನ್ನ ಮೊದಲ ಆಯ್ಕೆ. ಶಾಂಪೇನ್ ಥರಾನೇ ಬಾಟಲಿ ಒಳಗೇ ಎರಡನೇ ಸಲ ಹುದುಗು ಬಂದು ಗುಳ್ಳೆ ಹುಟ್ಟತ್ತೆ, ಕನಿಷ್ಠ 9 ತಿಂಗಳು ಈಸ್ಟ್ ಜೊತೆ ಇರತ್ತೆ, ಗುಳ್ಳೆ ಗಟ್ಟಿ, ಜಿನ್ನು ಬ್ರಾಂಡಿ ಬಿದ್ರೂ ಎದುರು ನಿಲ್ಲತ್ತೆ. ಫ್ರಾನ್ಸಿನ ಬೇರೆ ಪ್ರದೇಶಗಳ ಸ್ಪಾರ್ಕ್ಲಿಂಗ್ ವೈನ್ ಆದ ಕ್ರೆಮಾನ್ ಕೂಡ ಅಷ್ಟೇ ಚೆನ್ನಾಗಿ ಕೂರತ್ತೆ. ಇಟಲಿಯ ಪ್ರೊಸೆಕ್ಕೊ ಬೇರೆ ರೀತಿ, ಗ್ಲೆರಾ ದ್ರಾಕ್ಷಿದು, ಎರಡನೇ ಸಲ ಹುದುಗು ಬರೋದು ಸಾಮಾನ್ಯವಾಗಿ ದೊಡ್ಡ ಟ್ಯಾಂಕಲ್ಲಿ ಆಗತ್ತೆ, ಅದಕ್ಕೇ ಪೇರು ಸೇಬಿನ ತಾಜಾ ವಾಸನೆ ಹಾಗೇ ಉಳಿದಿರತ್ತೆ. ಬೆಲ್ಲಿನಿ, ಸ್ಪ್ರಿಟ್ಜ್ ಥರ ಹಣ್ಣಿನ ಕಡೆ ವಾಲೋ ಡ್ರಿಂಕ್‌ಗೆ ಇದನ್ನ ಮೀರಿಸೋದು ಇಲ್ಲ.

ಲೇಬಲ್ ವಿಷಯಕ್ಕೆ ಬಂದ್ರೆ, ಡ್ರೈ ಅಂದ್ರೆ ಸಿಹಿ ಇರಲ್ಲ ಅಂತ ಜನ ಎಕ್ಸ್‌ಟ್ರಾ ಡ್ರೈ ತಗೊಂಡು ಬಂದ್ಬಿಡ್ತಾರೆ, ಅದು ಬ್ರೂಟ್‌ಗಿಂತ ಸಿಹಿ. ಬ್ರೂಟ್ ಅಂದ್ರೆ ಲೀಟರ್‌ಗೆ 12 ಗ್ರಾಂ ಒಳಗೆ ಸಕ್ಕರೆ, ಎಕ್ಸ್‌ಟ್ರಾ ಡ್ರೈ 12ರಿಂದ 17, ಡ್ರೈ 17ರಿಂದ 32, ಡೆಮಿ ಸೆಕ್ 32ರಿಂದ 50 ಗ್ರಾಂ. ಕಣ್ಣು ಮುಚ್ಚಿ ಬ್ರೂಟ್ ತಗೊಳ್ಳಿ. ಸಿಹಿ ಬೇಕಾದ್ರೆ ಸಿರಪ್ ಹಾಕಿ ಜಾಸ್ತಿ ಮಾಡ್ಕೋಬಹುದು, ಬಾಟಲೀಲೇ ಬಂದಿರೋ ಸಿಹೀನ ತೆಗೆಯೋಕಾಗಲ್ಲ ಅಲ್ವಾ.

ಪ್ರಶ್ನೆ: ಫ್ರೆಂಚ್ 75 ಟ್ರೈ ಮಾಡಿದೆ. ಒಂದು ಸಲ ಹುಳಿ, ಒಂದು ಸಲ ಸಿಹಿ, ಬಾರಲ್ಲಿ ಸಿಗೋ ಥರ ಬರ್ಲೇ ಇಲ್ಲ. ಎಲ್ಲಾನೂ ಶೇಕರ್‌ಗೆ ಹಾಕಿ ಶೇಕ್ ಮಾಡ್ಬೇಕಾ?

ಅಯ್ಯೋ, ವೈನನ್ನ ಶೇಕರ್‌ಗೆ ಹಾಕ್ಲೇಬೇಡಿ. ಗುಳ್ಳೆ ಹೋಗೋದು ಒಂದು ಕಡೆ ಇರ್ಲಿ, ಒಳಗೆ ಒತ್ತಡ ಏರಿ ಮುಚ್ಚಳ ಹಾರಿ ಗೋಡೆಗೆಲ್ಲ ಸಿಡಿಯತ್ತೆ.

ಈ ಡ್ರಿಂಕಿಗೆ ಹೆಸರು ಬಂದಿದ್ದು ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯ ಬಳಸಿದ 75 ಮಿಲಿಮೀಟರ್ ಫಿರಂಗಿಯಿಂದ, ಅಷ್ಟು ಜೋರು ಅಂತ. ಅಂತಾರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘ ಒಪ್ಪಿರೋ ಅಳತೆ ಇದು: ಜಿನ್ 30 ಎಂಎಲ್, ನಿಂಬೆರಸ 15, ಶುಗರ್ ಸಿರಪ್ 15, ಶಾಂಪೇನ್ 60. ನಿಮ್ಮದು ಒಂದೊಂದು ಸಲ ಒಂದೊಂದು ಥರ ಬರ್ತಿದೆ ಅಂದ್ರೆ ಕಣ್ಣಳತೇಲಿ ಹಾಕ್ತಿದೀರ ಅಂತಾನೇ ಅರ್ಥ, ಒಂದು ಜಿಗರ್ (ಡ್ರಿಂಕ್ ಅಳೆಯೋ ಪುಟ್ಟ ಕಪ್ಪು) ತಗೊಳ್ಳಿ, ಇಲ್ಲಾಂದ್ರೆ ಕೆಮ್ಮಿನ ಸಿರಪ್ ಜೊತೆ ಬರೋ ಎಂಎಲ್ ಗೆರೆ ಇರೋ ಪ್ಲಾಸ್ಟಿಕ್ ಮುಚ್ಚಳ ತೊಳೆದಿಟ್ಕೊಳ್ಳಿ, ಚೆನ್ನಾಗೇ ಕೆಲಸ ಮಾಡತ್ತೆ. 15 ಎಂಎಲ್ ಸಿರಪ್ಪಲ್ಲಿ ಸುಮಾರು 9 ಗ್ರಾಂ ಸಕ್ಕರೆ ಇರತ್ತೆ, 60 ಎಂಎಲ್ ಬ್ರೂಟ್ ವೈನಲ್ಲಿ ಒಂದು ಗ್ರಾಂ ಕೂಡ ಇರಲ್ಲ. ಅಂದ್ರೆ ಸಿಹಿಯ ಲಗಾಮು ಪೂರ್ತಿ ಸಿರಪ್ ಕೈಲಿದೆ, 5 ಎಂಎಲ್ ಆಚೆ ಈಚೆ ಆದ್ರೂ ನಾಲಿಗೆಗೆ ಗೊತ್ತಾಗೇ ಆಗತ್ತೆ.

ಸಿರಪ್ ಮಾಡೋಕೆ ಸಮ ತೂಕ ಸಕ್ಕರೆ, ನೀರು ಬಿಸಿ ಮಾಡಿ ಕರಗಿಸಿ, ಕುದಿಸಿ ಗಟ್ಟಿ ಮಾಡೋದು ಬೇಡ. ಆರಿದ್ಮೇಲೆ ಫ್ರಿಡ್ಜಲ್ಲಿಟ್ರೆ ಎರಡು ಮೂರು ವಾರ ಬರತ್ತೆ.

ಈಗ ಕೆಲಸ ಶುರು. ಜಿನ್, ಅವಾಗಷ್ಟೇ ಹಿಂಡಿ ಸೋಸಿದ ನಿಂಬೆರಸ, ಸಿರಪ್ ಮೂರೂ ಶೇಕರ್‌ಗೆ ಹಾಕಿ, ಮುಕ್ಕಾಲು ಭಾಗ ಐಸ್ ತುಂಬಿ ಹನ್ನೆರಡು ಹದಿನೈದು ಸೆಕೆಂಡ್ ಜೋರಾಗಿ ಅಲ್ಲಾಡಿಸಿ, ಶೇಕರ್ ಹೊರಗೆ ಮಂಜು ಕಟ್ಟಿ ಕೈ ಹಿಡಿಯೋಕೆ ಆಗದಷ್ಟು ಕೊರೀಬೇಕು, ಅವಾಗ್ಲೇ ನಿಲ್ಸಿ. ಈ ಅಲ್ಲಾಡಿಸೋದ್ರಿಂದ ತಣ್ಣಗಾಗೋದಷ್ಟೇ ಅಲ್ಲ, ಐಸ್ ಕರಗಿ ಬರೋ ನೀರು ಕೂಡ ರೆಸಿಪೀಯ ಒಂದು ಭಾಗಾನೇ, ಜಿನ್ನಿನ ಖಾರ, ನಿಂಬೆಯ ಚೂಪು ಎರಡನ್ನೂ ಅದೇ ತಗ್ಗಿಸೋದು. ಸೋಸಿ ಗ್ಲಾಸ್‌ಗೆ ಹಾಕಿ, ಓರೆ ಹಿಡಿದು ವೈನ್ ಇಳಿಸಿ. ನಿಂಬೆ ಸಿಪ್ಪೆಯ ಒಂದು ಉದ್ದ ಚೂರನ್ನ ಡ್ರಿಂಕ್ ಮೇಲೆ ಹಿಡಿದು ಹಿಂಡಿ, ಅದರ ಎಣ್ಣೆ ಹನಿಹನಿಯಾಗಿ ಮೇಲೆ ಬೀಳತ್ತೆ, ಆ ಘಮ ಇಲ್ಲದಿದ್ರೆ ಏನೋ ಕಮ್ಮಿ ಅನ್ಸತ್ತೆ ನನಗಂತೂ.

ಶೇಕರ್ ಇಲ್ವಾ? ಬಿಗಿ ಮುಚ್ಚಳ ಇರೋ ಗಾಜಿನ ಜಾರ್ ಸಾಕು.

ಪ್ರಶ್ನೆ: ಶೇಕ್ ಗೀಕ್ ಏನೂ ಬೇಡ, ಮೊದಲನೇ ಸಲ ಮಾಡೋರಿಗೆ ಸುಲಭವಾದ್ದು ಹೇಳಿ. ಬೆಲ್ಲಿನಿಗೆ ಪೀಚ್ ಬಿಟ್ಟು ಬೇರೆ ಹಣ್ಣು ಹಾಕ್ಬೋದಾ?

ಎಲ್ಲಕ್ಕಿಂತ ಸುಲಭ ಕಿರ್ ರಾಯಲ್. ಕ್ರೆಮ್ ದ ಕಾಸ್ಸಿಸ್ ಅನ್ನೋ ಕಪ್ಪು ಕರ‍್ರಂಟ್ ಲಿಕರ್ 10 ಎಂಎಲ್ ತಳಕ್ಕೆ, ಮೇಲೆ 90 ಎಂಎಲ್ ವೈನ್, ಮುಗೀತು. 1945ರಿಂದ 1968ರವರೆಗೆ ಫ್ರಾನ್ಸಿನ ದಿಜೋನ್ ನಗರದ ಮೇಯರ್ ಆಗಿದ್ದ ಪಾದ್ರಿ ಫೆಲಿಕ್ಸ್ ಕಿರ್ ಹೆಸರೇ ಇದಕ್ಕೆ ನಿಂತಿದ್ದು. 10ನ್ನ 20 ಮಾಡೋ ಆಸೆ ಆಗತ್ತೆ, ಬಣ್ಣ ಚೆನ್ನಾಗಿದೆ ಅಂತ, ಮಾಡ್ಬೇಡಿ, ಜ್ಯಾಮ್ ಕುಡಿದ ಹಾಗಿರತ್ತೆ. ಕಹಿ ಇಷ್ಟಪಡೋರಿಗೆ ನೆಗ್ರೋನಿ ಸ್ಬಾಲ್ಯಾಟೊ: ಕಂಪಾರಿ (ಇಟಲಿಯ ಕೆಂಪು ಕಹಿ ಲಿಕರ್), ಸಿಹಿ ವರ್ಮುತ್ (ಗಿಡಮೂಲಿಕೆ ಹಾಕಿದ ವೈನ್), ಸ್ಪಾರ್ಕ್ಲಿಂಗ್ ವೈನ್ ಮೂರೂ ಸಮ, ತಲಾ 30 ಎಂಎಲ್, ಐಸ್ ತುಂಬಿದ ಗ್ಲಾಸಲ್ಲೇ. ಮಿಲಾನ್‌ನ ಬಾರ್ ಬಾಸ್ಸೋದಲ್ಲಿ ಹುಟ್ಟಿದ್ದು ಇದು. ಅಪೆರಾಲ್ ಸ್ಪ್ರಿಟ್ಜ್‌ಗೆ ಮೂರು ಪಾಲು ಪ್ರೊಸೆಕ್ಕೊ, ಎರಡು ಪಾಲು ಅಪೆರಾಲ್ (ಕಿತ್ತಳೆ ಬಣ್ಣದ ಕಹಿ-ಸಿಹಿ ಲಿಕರ್), ಒಂದು ಪಾಲು ಸೋಡಾ.

ಬೆಲ್ಲಿನಿ ವೆನಿಸ್‌ನ ಹ್ಯಾರೀಸ್ ಬಾರಲ್ಲಿ ಜುಸೆಪ್ಪೆ ಚಿಪ್ರಿಯಾನಿ ಮಾಡಿದ್ದು, ಬಿಳಿ ಪೀಚ್ ಪ್ಯೂರಿ (ನುಣ್ಣಗೆ ಅರೆದ ಹಣ್ಣು) 50 ಎಂಎಲ್, ಪ್ರೊಸೆಕ್ಕೊ 100. ಬೇರೆ ಹಣ್ಣು ಧಾರಾಳವಾಗಿ ಹಾಕಿ, ಸ್ಟ್ರಾಬೆರಿ ಹಾಕಿದ್ರೆ ಅದಕ್ಕೆ ರೊಸ್ಸಿನಿ ಅಂತಾನೇ ಹೆಸರಿದೆ. ಆದ್ರೆ ಎರಡು ವಿಷಯ ನೋಡ್ಕೊಳ್ಳಿ. ಪ್ಯೂರಿ ಚಮಚದಿಂದ ಸರಾಗವಾಗಿ ಹರೀಬೇಕು, ಮುದ್ದೆ ಇದ್ರೆ ತಳದಲ್ಲೇ ಕೂತ್ಬಿಡತ್ತೆ. ಮತ್ತೆ ಹಣ್ಣಿಗೆ ಹುಳಿ ಇಲ್ಲಾಂದ್ರೆ ನಾಲ್ಕು ಹನಿ ನಿಂಬೆರಸ ಬೇಕೇ ಬೇಕು, ಇಲ್ಲದಿದ್ರೆ ಬರೀ ಸಿಹಿ ನೀರಿನ ಥರ ಆಗತ್ತೆ. ಪ್ಯೂರಿ ಮೊದಲು, ವೈನ್ ಎರಡು ಕಂತಲ್ಲಿ, ನೊರೆ ಇಳಿಯೋವರೆಗೆ ಮಧ್ಯೆ ತಡೀರಿ.

ಮಿಮೋಸಾಗೆ ಮಾತ್ರ ಉಲ್ಟಾ ಮಾಡಿ. ವೈನ್ ಮೊದಲು, ಸೋಸಿದ ಆರೆಂಜ್ ಜ್ಯೂಸ್ ಆಮೇಲೆ, ಎರಡೂ 75 ಎಂಎಲ್. ಜ್ಯೂಸ್ ಭಾರ ಇರೋದ್ರಿಂದ ತಾನೇ ಕೆಳಗಿಳಿದು ಬೆರೀತಾ ಹೋಗತ್ತೆ, ಚಮಚ ಮುಟ್ಟೋದೇ ಬೇಡ.

ಪ್ರಶ್ನೆ: ಹತ್ತು ಜನ ಫ್ರೆಂಡ್ಸ್ ಬರ್ತಿದಾರೆ. ಒಂದೊಂದೇ ಗ್ಲಾಸ್ ಮಾಡ್ತಾ ಕೂತ್ರೆ ನಾನು ಅಡುಗೆಮನೇಲೇ ಇರ್ತೀನಿ. ಮೊದಲೇ ಮಾಡಿಡೋಕಾಗತ್ತಾ?

ವೈನ್ ಬಿಟ್ಟು ಮಿಕ್ಕಿದ್ದೆಲ್ಲ ಮಾಡಿಡಬಹುದು. ಫ್ರೆಂಚ್ 75 ಹತ್ತು ಗ್ಲಾಸ್‌ಗೆ ಜಿನ್ 300 ಎಂಎಲ್, ನಿಂಬೆರಸ 150, ಸಿರಪ್ 150. ಇದರ ಜೊತೆ 130 ಎಂಎಲ್ ಆಸುಪಾಸು ಕುಡಿಯೋ ನೀರು ಹಾಕಿ, ಇದನ್ನ ತುಂಬಾ ಜನ ಬಿಟ್ಬಿಡ್ತಾರೆ. ಶೇಕ್ ಮಾಡಿದ್ರೆ ಐಸಿಂದ ಬರ್ತಿದ್ದ ನೀರು ಇಲ್ಲಿ ಬರಲ್ಲ, ಅದಕ್ಕೆ ನಾವೇ ಸೇರಿಸ್ಬೇಕು, ಇಲ್ಲಾಂದ್ರೆ ಗಂಟಲು ಸುಡೋ ಹಾಗಿರತ್ತೆ. ಬಾಟಲಿಗೆ ತುಂಬಿ ಫ್ರಿಡ್ಜಲ್ಲಿ ನಾಲ್ಕೈದು ಗಂಟೆ ಇಡಿ, ನಿಂಬೆ ಮಾತ್ರ ಅವತ್ತೇ ಹಿಂಡಿದ್ದಾಗಿರ್ಬೇಕು, ಹಿಂದಿನ ದಿನದ ರಸಕ್ಕೆ ಒಂಥರಾ ಕಹಿ ಬಂದಿರತ್ತೆ. ಜನ ಬಂದ್ಮೇಲೆ ಬಾಟಲಿ ಒಂದು ಸಲ ಅಲ್ಲಾಡಿಸಿ ಒಬ್ಬೊಬ್ಬರಿಗೆ 73 ಎಂಎಲ್ ಹತ್ರ ಹಾಕಿ, ಮೇಲೆ 60 ಎಂಎಲ್ ವೈನ್. ಒಂದು ಬಾಟಲಿ ವೈನು ಹತ್ತು ಜನಕ್ಕೆ ಆಗಿ ಇನ್ನೂ ಎರಡು ಗ್ಲಾಸಿನಷ್ಟು ಮಿಗತ್ತೆ. ಬೆಲ್ಲಿನಿ ಆದ್ರೆ ಒಂದು ಬಾಟಲಿಗೆ ಏಳೇ ಗ್ಲಾಸು, ಲೆಕ್ಕ ಹಾಕ್ಕೊಂಡು ತನ್ನಿ.

ದೊಡ್ಡ ಜಗ್ಗಲ್ಲಿ ವೈನೂ ಸೇರಿಸಿ ಪಂಚ್ ಥರ ಇಡೋದು ನನಗೆ ಒಪ್ಪಿಗೆ ಇಲ್ಲ, ಮೊದಲ ಇಬ್ಬರಿಗೆ ಗುಳ್ಳೆ, ಕೊನೆಯವರಿಗೆ ಸಪ್ಪೆ.

ಒಂದು ಮಾತು ಗಮನದಲ್ಲಿರ್ಲಿ. ಮಿಮೋಸಾ ಒಂದು ಗ್ಲಾಸಲ್ಲಿ ಸುಮಾರು 7 ಗ್ರಾಂ ಶುದ್ಧ ಆಲ್ಕೋಹಾಲ್ ಇದ್ರೆ ಫ್ರೆಂಚ್ 75ರಲ್ಲಿ 15 ಗ್ರಾಂ ಹತ್ರ, ಅಂದ್ರೆ ಎರಡರಷ್ಟು. ನೋಡೋಕೆ ಎರಡೂ ಲೈಟ್ ಆಗೇ ಕಾಣತ್ತೆ, ನಾಲಿಗೆಗೆ ಗೊತ್ತೇ ಆಗಲ್ಲ. ಬಂದವರಿಗೆ ಬಾಯ್ಬಿಟ್ಟು ಹೇಳಿ, ತಿನ್ನೋಕೆ ಏನಾದ್ರೂ ಇಡಿ, ಗಾಡಿ ಓಡಿಸ್ಬೇಕಾದವರಿಗೆ, ಕುಡಿಯದವರಿಗೆ ಆಲ್ಕೋಹಾಲ್ ತೆಗೆದ ಸ್ಪಾರ್ಕ್ಲಿಂಗ್ ವೈನಲ್ಲೋ ಸೋಡಾದಲ್ಲೋ ಅದೇ ಪ್ಯೂರಿ ಹಾಕಿ ಅದೇ ಚಂದದ ಗ್ಲಾಸಲ್ಲಿ ಕೊಡಿ. ಆಲ್ಕೋಹಾಲ್ ತೆಗೆದ ವೈನ್ ಬಹಳಷ್ಟು ಸಿಹಿ ಇರತ್ತೆ, ಹಾಗಾಗಿ ನಿಂಬೆ ಸ್ವಲ್ಪ ಮುಂದಿರ್ಲಿ.

ಪ್ರಶ್ನೆ: ಬಾಟಲಿ ಓಪನ್ ಮಾಡೋಕೇ ಭಯ. ಮತ್ತೆ ಅರ್ಧ ಮಿಕ್ಕಿದ್ರೆ ಬಾಯಿಗೆ ಚಮಚ ಸಿಕ್ಕಿಸಿ ಇಟ್ರೆ ಗ್ಯಾಸ್ ಹೋಗಲ್ಲ ಅಂತಾರೆ, ನಿಜಾನಾ?

ಭಯ ಇರೋದು ಒಳ್ಳೇದೇ. ಶಾಂಪೇನ್ ಬಾಟಲಿ ಒಳಗೆ 5ರಿಂದ 6 ಬಾರ್ ಒತ್ತಡ ಇರತ್ತೆ, ಕಾರ್ ಟೈರಲ್ಲಿರೋದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ, ಬಿರಡೆ ಹಾರಿ ಕಣ್ಣಿಗೆ ಬಿದ್ದು ದೃಷ್ಟಿ ಕಳ್ಕೊಂಡವರಿದಾರೆ. ಮೊದಲು ಬಾಟಲಿ ಚೆನ್ನಾಗಿ ತಣ್ಣಗಿರ್ಲಿ, ತಂದ ತಕ್ಷಣ ಅಲುಗಾಡಿರೋ ಬಾಟಲಿ ತೆಗೀಬೇಡಿ. ಮೇಲಿನ ಹಾಳೆ ಬಿಚ್ಚಿ, ಒಂದು ಬಟ್ಟೆ ಹೊದಿಸಿ, ಹೆಬ್ಬೆರಳು ಬಿರಡೆ ಮೇಲೆ ಒತ್ತಿ ಹಿಡಿದೇ ಬಿರಡೆ ಸುತ್ತ ಇರೋ ತಂತಿಯ ಕಿವಿನ ಆರು ಸಲ ಅರ್ಧರ್ಧ ಸುತ್ತು ತಿರುಗಿಸಿ ಸಡಿಲ ಮಾಡಿ. ತಂತಿ ಸಡಿಲ ಆದ್ಮೇಲೆ ಕೈ ತೆಗೀಲೇಬಾರದು, ಅಪಾಯ ಶುರು ಆಗೋದೇ ಅಲ್ಲಿಂದ. ಬಾಟಲೀನ 45 ಡಿಗ್ರಿ ಓರೆ ಮಾಡಿ ಜನ ಇಲ್ಲದ ಕಡೆ ತಿರುಗಿಸಿ, ಬಿರಡೆ ಗಟ್ಟಿ ಹಿಡಿದು ಬಾಟಲಿ ತಳಾನ ತಿರುಗಿಸ್ತಾ ಬನ್ನಿ, ಬಿರಡೆ ತಾನಾಗೇ ಮೇಲೆ ಬರೋಕೆ ನೋಡತ್ತೆ, ನೀವು ಅದನ್ನ ಕೆಳಗೊತ್ತಿ ತಡೀತಾ ಇರಿ. ಢಮಾರ್ ಅಂತ ಸದ್ದು ಬರ್ಬಾರ್ದು, ಸುಸ್ ಅಂತ ಬಂದ್ರೆ ಸಾಕು, ಸದ್ದಿನ ಜೊತೆ ನೊರೆ ಹೋದ್ರೆ ಕಾಕ್‌ಟೇಲ್‌ಗೆ ಬೇಕಾದ ಗ್ಯಾಸೇ ಹೋದ ಹಾಗೆ.

ಚಮಚದ ಕಥೆ ಸುಳ್ಳು. ಚಮಚ ಇದ್ರೂ ಇಲ್ಲದಿದ್ರೂ ವ್ಯತ್ಯಾಸ ಆಗಲ್ಲ, ಮಾರನೇ ದಿನ ಗುಳ್ಳೆ ಉಳಿದಿದ್ರೆ ಅದು ಫ್ರಿಡ್ಜಿನ ತಂಪಿಂದ. ಬಾಟಲಿ ಕುತ್ತಿಗೆಗೆ ಕ್ಲಿಪ್ ಹಾಕ್ಕೊಂಡು ಕೂರೋ ಶಾಂಪೇನ್ ಸ್ಟಾಪರ್ ಅಂತ ಸಿಗತ್ತೆ, ಅದನ್ನ ಹಾಕಿ ನೆಟ್ಟಗೆ ನಿಲ್ಸಿ ಇಡಿ, ಎರಡು ದಿನ ಕಾಕ್‌ಟೇಲ್‌ಗೆ ಸಾಕಾಗೋಷ್ಟು ಗುಳ್ಳೆ ಇರತ್ತೆ. ಸ್ಟಿಲ್ ವೈನ್‌ಗೆ (ಗುಳ್ಳೆ ಇಲ್ಲದ ಮಾಮೂಲಿ ವೈನ್‌ಗೆ) ಬಳಸೋ ಗಾಳಿ ಎಳೆಯೋ ಪಂಪ್ ಮಾತ್ರ ಹಾಕ್ಬೇಡಿ, ಅದು ಗುಳ್ಳೇನೂ ಎಳ್ಕೊಂಡು ಹೋಗತ್ತೆ. ಮೂರನೇ ದಿನಕ್ಕೆ ಪೂರ್ತಿ ಸಪ್ಪೆ ಆಗಿದ್ರೆ ಸಮ ತೂಕ ಸಕ್ಕರೆ ಹಾಕಿ ಬಿಸಿ ಮಾಡಿ ಸಿರಪ್ ಮಾಡ್ಕೊಳ್ಳಿ, ಮುಂದಿನ ಫ್ರೆಂಚ್ 75ಗೆ ಮಾಮೂಲಿ ಸಿರಪ್ ಬದಲು ಅದನ್ನೇ ಹಾಕಿ ನೋಡಿ.