ಯೊಸೆಮಿಟಿಗೆ ಹೊರಟಿದ್ದೀರಾ? ರಾತ್ರಿ ಕಾರಿನಲ್ಲಿ ಚಟ್ನಿಪುಡಿ ಬಿಡಬೇಡಿ

ಪ್ರಶ್ನೆ: ನಾವು ಸನ್ನಿವೇಲ್‌ನಲ್ಲಿದ್ದೇವೆ. ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಟೆಂಟ್ ಹಾಕುತ್ತಿದ್ದೇವೆ. ಇಬ್ಬರು ಚಿಕ್ಕ ಮಕ್ಕಳು, ಊರಿಂದ ಬಂದಿರುವ ಅತ್ತೆ-ಮಾವ ಜೊತೆಗಿರುತ್ತಾರೆ. ಮಾವ ಸಂಡೂರಿನ ಕಡೆಯವರು. ಕರಡಿ ಎಂದರೆ ಅವರಿಗೆ ಭಯ. ಎದುರಾದರೆ ಸತ್ತಂತೆ ಮಲಗಬೇಕು ಅನ್ನುತ್ತಾರೆ. ಊಟದ ಸಾಮಾನನ್ನು ಮಿನಿವ್ಯಾನ್‌ನಲ್ಲಿಟ್ಟು ಲಾಕ್ ಮಾಡಿದರೆ ಸಾಕಲ್ವಾ? ಬೇರ್ ಸ್ಪ್ರೇ (ಕರಡಿ ಓಡಿಸುವ ಖಾರದ ಸ್ಪ್ರೇ) ಬೇಕಾ?

ಉತ್ತರ: ಸಾಲದು. ಅದರಲ್ಲೂ ಮಿನಿವ್ಯಾನ್ ಅಂದಿದ್ದೀರಿ! 2001ರಿಂದ 2007ರವರೆಗೆ ಯೊಸೆಮಿಟಿಯಲ್ಲಿ ಕರಡಿಗಳು ಒಡೆದ ವಾಹನಗಳ ಲೆಕ್ಕ ತೆಗೆದು ನೋಡಿದ್ದಾರೆ. ಅಲ್ಲಿಗೆ ಬರುವ ವಾಹನಗಳಲ್ಲಿ ಮಿನಿವ್ಯಾನ್‌ಗಳು ಶೇ 7ರಷ್ಟು. ಒಡೆದವುಗಳಲ್ಲಿ ಮಾತ್ರ ಕಾಲು ಭಾಗಕ್ಕೂ ಹೆಚ್ಚು! ಮಕ್ಕಳಿರುವ ಮನೆಯ ಗಾಡಿ ಅಲ್ವಾ, ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಚೆಲ್ಲಿದ ಜ್ಯೂಸು ಇದ್ದೇ ಇರುತ್ತದೆ ಎಂಬುದು ಸಂಶೋಧಕರು ಊಹಿಸಿದ ಕಾರಣಗಳಲ್ಲಿ ಒಂದು. ಕರಡಿ ಬಾಗಿಲಿನ ಮೇಲಂಚಿಗೆ ಉಗುರು ಸಿಕ್ಕಿಸಿ ಚೌಕಟ್ಟನ್ನೇ ಬಗ್ಗಿಸಿಬಿಡುತ್ತದೆ.

ಅದಕ್ಕೇ ಕ್ಯಾಂಪ್‌ಸೈಟ್‌ನಲ್ಲಿ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ, ಬೇರ್ ಬಾಕ್ಸ್. ಹಗಲು ಹೊತ್ತು ಆಹಾರವನ್ನು ಕಣ್ಣಿಗೆ ಕಾಣದಂತೆ ಮುಚ್ಚಿ, ಗಾಜು ಏರಿಸಿ ಕಾರಿನಲ್ಲಿ ಇಡಬಹುದು. ಕತ್ತಲಾದ ಮೇಲೆ ಎಲ್ಲವೂ ಪೆಟ್ಟಿಗೆಗೆ. ತಪ್ಪಿದರೆ 5,000 ಡಾಲರ್‌ವರೆಗೆ ದಂಡ ಹಾಕಬಹುದು.

'ಎಲ್ಲವೂ' ಅಂದರೆ ಏನೇನು ಎಂಬಲ್ಲೇ ನಮ್ಮವರು ಎಡವುವುದು. ಅನ್ನ, ಪಲ್ಯ ಮಾತ್ರ ಅಲ್ಲ. ಕಟ್ಟು ಬಿಚ್ಚದ ಚಟ್ನಿಪುಡಿ, ಉಪ್ಪಿನಕಾಯಿ ಬಾಟಲಿ, ತುಪ್ಪದ ಡಬ್ಬಿ, ಕಸದ ಚೀಲ, ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ಮಗುವಿನ ವೈಪ್ಸ್, ಅತ್ತೆಯವರ ಕೊಬ್ಬರಿ ಎಣ್ಣೆ, ಮಾವನವರ ನೋವಿನ ಮುಲಾಮು ಎಲ್ಲವೂ ಸೇರುತ್ತದೆ. ವಾಸನೆ ಬರುವುದೆಲ್ಲ ಕರಡಿಗೆ ತಿಂಡಿಯೇ. ಹಿರಿಯರ ಕೈಚೀಲವನ್ನು ಅವರ ಎದುರಿಗೇ ಒಮ್ಮೆ ಬಿಚ್ಚಿ ನೋಡಿ. ದಿಂಬಿನ ಕೆಳಗೆ ಚಕ್ಕುಲಿ ಪೊಟ್ಟಣ ಇಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿರುತ್ತದೆ. ದೊಡ್ಡ ಕೂಲರ್ ತರುವುದಾದರೆ ಪೆಟ್ಟಿಗೆಯೊಳಗೆ ಹಿಡಿಯುತ್ತದಾ ಎಂದು ಮೊದಲೇ ಅಳತೆ ನೋಡಿಕೊಳ್ಳಿ.

ಪೆಟ್ಟಿಗೆಯ ಚಿಲಕ ಹಗಲಲ್ಲೂ ಹಾಕಿರಬೇಕು. ಅಡುಗೆ ಮಾಡುವಾಗ ಸಾಮಾನು ಕೈಗೆಟಕುವಷ್ಟು ಹತ್ತಿರವಿರಲಿ. ಮೇಜಿನ ಮೇಲೆ ಚಪಾತಿ ಬಿಟ್ಟು ಎಲ್ಲರೂ ಫೋಟೋ ತೆಗೆಯಲು ಹೋದರೆ ಮುಗೀತು.

ಇನ್ನು ಮಾವನವರ ಭಯ. ಅದು ಸುಮ್ನೆ ಹುಟ್ಟಿದ್ದಲ್ಲ. ಸಂಡೂರು, ದರೋಜಿ ಕಡೆಯ ನಮ್ಮ ಕರಡಿ ಹತ್ತಿರದಲ್ಲಿ ಬೆಚ್ಚಿದರೆ ಮೈಮೇಲೆ ಬಿದ್ದು ಮುಖ ಹರಿಯುವ ಜಾತಿ. ಯೊಸೆಮಿಟಿಯಲ್ಲಿರುವುದು ಅಮೆರಿಕದ ಕಪ್ಪು ಕರಡಿ, ಸ್ವಭಾವ ಪೂರ್ತಿ ಬೇರೆ. ಗದರಿಸಿದರೆ ಸಾಮಾನ್ಯವಾಗಿ ಓಡುತ್ತದೆ, ಇಲ್ಲವೇ ಮರ ಹತ್ತುತ್ತದೆ. ಹೆಸರು ಕಪ್ಪು ಕರಡಿಯಾದರೂ ಅಲ್ಲಿ ಹೆಚ್ಚಿನವು ಕಂದು ಬಣ್ಣದವು. ಗ್ರಿಜ್ಲಿ, ಅಂದರೆ ಅಮೆರಿಕದ ದೊಡ್ಡ ಕಂದು ಕರಡಿ, ಎಂದು ಗಾಬರಿಯಾಗಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಗ್ರಿಜ್ಲಿ 1920ರ ದಶಕದಲ್ಲೇ ಅಳಿದುಹೋಯಿತು, ಈಗ ಉಳಿದಿರುವುದು ರಾಜ್ಯದ ಬಾವುಟದ ಮೇಲೆ ಮಾತ್ರ.

ಹಾಗಾಗಿ ಸತ್ತಂತೆ ಮಲಗುವುದು ಇಲ್ಲಿ ಬೇಡ. ಕ್ಯಾಂಪ್‌ಗೆ ಕರಡಿ ನುಗ್ಗಿದರೆ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳಿ. ಎಲ್ಲರೂ ಒಟ್ಟಿಗೆ ನಿಂತು, ಕೈ ಮೇಲೆತ್ತಿ ಜೋರಾಗಿ ಕೂಗಿ, ಪಾತ್ರೆ ಬಡಿಯಿರಿ. ಪಕ್ಕದ ಟೆಂಟಿನವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಕರಡಿ ತಪ್ಪಿಸಿಕೊಳ್ಳಲು ದಾರಿ ಬಿಡಿ, ಸುತ್ತುಗಟ್ಟಬೇಡಿ. ಊಟ ಕಿತ್ತುಕೊಂಡರೆ ಹೋಗಲಿ, ವಾಪಸ್ ಪಡೆಯಲು ಹೋಗಬೇಡಿ. ತೀರಾ ಅಪರೂಪಕ್ಕೆ ಮೈಮೇಲೇ ಬಿದ್ದರೆ, ಸಿಕ್ಕಿದ್ದರಲ್ಲಿ ತಿರುಗಿ ಹೊಡೆಯಿರಿ. ಕಾಡಿನ ದಾರಿಯಲ್ಲಿ ದೂರಕ್ಕೆ ಕಂಡರೆ ಮಾತ್ರ ಕೂಗಬೇಕಿಲ್ಲ. 50 ಗಜ ದೂರ ನಿಂತು ನೋಡಿ ಆನಂದಿಸಿ.

ಹೀಗೆ ಗದರಿಸುವುದು ಕರಡಿಯ ಒಳ್ಳೆಯದಕ್ಕೂ ಹೌದು. ನಮ್ಮ ಊಟದ ರುಚಿ ಹತ್ತಿದ ಕರಡಿ ಕ್ರಮೇಣ ಜನರ ಭಯ ಬಿಡುತ್ತದೆ. ಕೊನೆಗೆ ಅದನ್ನು ಕೊಲ್ಲಬೇಕಾದ ಸ್ಥಿತಿ ಬರುತ್ತದೆ. ಫೋಟೋಗಾಗಿ ಹಣ್ಣು ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಬೇರ್ ಸ್ಪ್ರೇ ಮನೆಯಲ್ಲೇ ಬಿಡಿ. ಯೊಸೆಮಿಟಿಯೊಳಗೆ ಅದಕ್ಕೆ ಅನುಮತಿಯೇ ಇಲ್ಲ. ಗ್ರಿಜ್ಲಿ ಇರುವ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದರೆ ಸ್ಪ್ರೇ ಬೇಕು, ಅಂತರವೂ 100 ಗಜ. ಮಾವನವರು ಹೇಳುವ ಸತ್ತಂತೆ ಮಲಗುವ ಉಪಾಯಕ್ಕೂ ಅಲ್ಲಿ ಅರ್ಥವಿದೆ. ಆದರೆ ಅದು ಗ್ರಿಜ್ಲಿ ಬೆದರಿ ಮೈಮೇಲೆ ಬಿದ್ದಾಗ ಮಾತ್ರ.